ಸೂರ್ಯೋದಯ, ಸೂರ್ಯಾಸ್ತ ಮತ್ತು ನಮ್ಮ ದಂಡೆಗಳು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಮಿತ್ರರು ಕೇಳಿದಾಗ ನಾನು ಹಿಂಜರಿದೆ. ಶಾಲೆಯ ಚರಿತ್ರೆಯನ್ನೂ ದಾನಿಗಳ ಔದಾರ್ಯವನ್ನೂ ಕುರಿತು ಬರೆಯಬಲ್ಲ ಸಮರ್ಥರು ಅನೇಕರಿದ್ದಾರೆ. ನಾನು ಮೂವತ್ತಕ್ಕೂ ಹೆಚ್ಚು ವರ್ಷ ಭೂಗೋಳ ಬೋಧಿಸಿದ ಸಾಮಾನ್ಯ ಶಿಕ್ಷಕ. ಆದರೆ ನಮ್ಮ ಹಳೆಯ ವಿದ್ಯಾರ್ಥಿಗಳು ಮಕ್ಕಳು ಮೊಮ್ಮಕ್ಕಳೊಡನೆ ಕಡಲತೀರಕ್ಕೆ ಪ್ರವಾಸ ಹೊರಡುವ ಮುನ್ನ ದೂರವಾಣಿಯಲ್ಲಿ ನನ್ನನ್ನು ಕೇಳುವ ಒಂದು ಪ್ರಶ್ನೆಯಿದೆ: "ಗುರುಗಳೇ, ಸೂರ್ಯೋದಯ ನೋಡಲು ಯಾವ ಊರು ಚೆನ್ನು, ಸೂರ್ಯಾಸ್ತಕ್ಕೆ ಯಾವುದು?" ಆ ಪ್ರಶ್ನೆಗೆ ಉತ್ತರವನ್ನು ಇಲ್ಲಿ ಒಮ್ಮೆಗೇ ಬರೆದಿಡುವುದು ಉಪಯುಕ್ತವೆಂದು ತೋರಿತು. ಉತ್ತರವನ್ನು ನನ್ನದೇ ಒಂದು ತಪ್ಪಿನಿಂದ ಆರಂಭಿಸುವುದು ಪ್ರಾಮಾಣಿಕವಾದೀತು.

1986ರ ಡಿಸೆಂಬರ್ ತಿಂಗಳಲ್ಲಿ ಮೇಲ್ತರಗತಿಯ ಮಕ್ಕಳನ್ನು ಕರೆದುಕೊಂಡು ರಾಯಚೂರು, ಹುಬ್ಬಳ್ಳಿಗಳ ಮಾರ್ಗವಾಗಿ ಕಾರವಾರಕ್ಕೆ ಶೈಕ್ಷಣಿಕ ಪ್ರವಾಸ ಹೋಗಿದ್ದೆವು. ಆ ಮಕ್ಕಳಲ್ಲಿ ಒಬ್ಬರೂ ಅದುವರೆಗೆ ಸಮುದ್ರವನ್ನು ಕಂಡಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಕಂಡಿರಲಿಲ್ಲ. ಪಠ್ಯಪುಸ್ತಕದ ಚಿತ್ರ ಮತ್ತು ಅಂಗಡಿಯವರು ಕೊಡುವ ಕ್ಯಾಲೆಂಡರ್, ಇವೆರಡರಲ್ಲೇ ನಮ್ಮ ಸಮುದ್ರವಿತ್ತು. ಕ್ಯಾಲೆಂಡರಿನ ಸೂರ್ಯ ಯಾವಾಗಲೂ ನೀರಿನಿಂದಲೇ ಮೇಲೇಳುತ್ತಿದ್ದ. ಮರುದಿನ ಬೆಳಗಿನ ಐದು ಗಂಟೆಗೆ ಎಲ್ಲರನ್ನೂ ಎಬ್ಬಿಸಿ, ಚಳಿಯಲ್ಲಿ ನಡುಗುತ್ತಿದ್ದ ಮಕ್ಕಳನ್ನು ಮರಳಿನ ಮೇಲೆ ಸಾಲಾಗಿ ಕೂರಿಸಿ, ಸಮುದ್ರದತ್ತ ಕೈ ಚಾಚಿ, "ಅಲ್ಲಿ ನೋಡುತ್ತಿರಿ, ಈಗ ಬರುತ್ತಾನೆ" ಎಂದೆ. ಆರೂವರೆಯಾಯಿತು, ಬೆಳಕು ಹರಿಯಿತು, ಸೂರ್ಯ ಬರಲಿಲ್ಲ. ಕೊನೆಗೆ ಎಂಟನೆಯ ತರಗತಿಯ ಬಾಲಕಿಯೊಬ್ಬಳು ಅಂಜುತ್ತಲೇ ಕೇಳಿದಳು: "ಗುರುಗಳೇ, ನಕಾಶೆಯಲ್ಲಿ ಈ ಸಮುದ್ರ ಎಡಗಡೆ ಇದೆಯಲ್ಲ? ಎಡಗಡೆ ಪಶ್ಚಿಮವಲ್ಲವೇ?" ಎಲ್ಲರೂ ಹಿಂದಿರುಗಿ ನೋಡಿದೆವು. ನಮ್ಮ ಬೆನ್ನ ಹಿಂದಿನ ಬೆಟ್ಟಗಳ ಅಂಚು ಹೊಂಬಣ್ಣಕ್ಕೆ ತಿರುಗಿತ್ತು. ಏಳು ಗಂಟೆ ದಾಟಿದ ಮೇಲೆ ಸೂರ್ಯನು ಆ ಬೆಟ್ಟಗಳ ಮೇಲಿಂದ ನಮ್ಮನ್ನು ಇಣುಕಿ ನೋಡಿದ. ಅರಬ್ಬೀ ಸಮುದ್ರವು ಭಾರತದ ಪಶ್ಚಿಮಕ್ಕಿದೆ ಎಂದು ವರ್ಷಗಟ್ಟಲೆ ಕಪ್ಪುಹಲಗೆಯ ಮೇಲೆ ಬರೆದಿದ್ದ ಕೈ ನನ್ನದೇ. ಪಾಠ ಬಾಯಲ್ಲಿತ್ತು, ಕಣ್ಣಿಗೆ ಇಳಿದಿರಲಿಲ್ಲ.

ಆದ್ದರಿಂದ ಮೊದಲನೆಯ ನಿಯಮ ಅತಿ ಸರಳವಾದುದು: ಕರ್ನಾಟಕದ ಕರಾವಳಿಯಲ್ಲಿ ಕಡಲಿನ ಮೇಲೆ ಕಾಣುವುದು ಅಸ್ತಮಾನ, ಉದಯವಲ್ಲ. ನೀರಿನಿಂದ ಉದಯಿಸುವ ಸೂರ್ಯನನ್ನು ನೋಡಬೇಕಾದರೆ ಬಂಗಾಳ ಕೊಲ್ಲಿಯ ತೀರಕ್ಕೆ, ಅಂದರೆ ಬಾಪಟ್ಲಾದ ಬಳಿಯ ಸೂರ್ಯಲಂಕಾ ಅಥವಾ ಮಛಲಿಪಟ್ಟಣದ ಬಳಿಯ ಮಂಗಿನಪೂಡಿಯಂತಹ ಸ್ಥಳಕ್ಕೆ ಹೋಗಬೇಕು. ಕನ್ಯಾಕುಮಾರಿಯು ನೆಲದ ತುದಿಯಾದ್ದರಿಂದ ಚಳಿಗಾಲದ ತಿಂಗಳುಗಳಲ್ಲಿ ಎರಡನ್ನೂ ಕಡಲ ಮೇಲೆಯೇ ತೋರಿಸುತ್ತದೆ.

ಪ್ರವಾಸದಿಂದ ಮರಳಿದ ಮೇಲೆ ತರಗತಿಯಲ್ಲಿ ನಕಾಶೆಯನ್ನು ಬಿಡಿಸಿ ಅಳತೆಪಟ್ಟಿಯನ್ನಿಟ್ಟಾಗ ಒಂದು ಸಂಗತಿ ತಿಳಿಯಿತು. ನಾರಾಯಣಪೇಟೆಯಿಂದ ಕಾರವಾರಕ್ಕೂ ಮಛಲಿಪಟ್ಟಣಕ್ಕೂ ನೇರರೇಖೆಯಲ್ಲಿ ಸುಮಾರು 400 ಕಿಲೋಮೀಟರುಗಳಷ್ಟೇ ದೂರ. ಕಾರವಾರ 74 ಡಿಗ್ರಿ ಪೂರ್ವ ರೇಖಾಂಶದ ಬಳಿ, ಮಛಲಿಪಟ್ಟಣ 81 ಡಿಗ್ರಿಯ ಬಳಿ, ನಾವು ನಡುವೆ ಸುಮಾರು 77½ ಡಿಗ್ರಿಯಲ್ಲಿದ್ದೇವೆ. ಭೂಮಿಯು ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಹಾಗಾಗಿ ಬೆಳಗಿನ ಸೂರ್ಯ ಮಛಲಿಪಟ್ಟಣದಲ್ಲಿ ಕಂಡು ಸುಮಾರು ಕಾಲು ಗಂಟೆಯ ಮೇಲೆ ನಮ್ಮಲ್ಲಿಗೆ ಬರುತ್ತಾನೆ. ಸಂಜೆ ನಮ್ಮನ್ನು ಬಿಟ್ಟು ಸುಮಾರು ಕಾಲು ಗಂಟೆಯ ಮೇಲೆ ಕಾರವಾರದ ಕಡಲಲ್ಲಿ ಮುಳುಗುತ್ತಾನೆ. ಎರಡು ಕಡಲುಗಳ ನಡುಮಧ್ಯದ ಬಯಲುಸೀಮೆಯವರು ನಾವು.

ದಿಕ್ಕು ತಿಳಿದರೆ ಸಾಲದು, ದಿನಾಂಕವೂ ತಿಳಿಯಬೇಕು. ಸೂರ್ಯನು ಪೂರ್ವದಲ್ಲಿ ಹುಟ್ಟಿ ಪಶ್ಚಿಮದಲ್ಲಿ ಮುಳುಗುತ್ತಾನೆಂಬ ನಮ್ಮ ಬಾಲ್ಯದ ಪಾಠವು ವರ್ಷಕ್ಕೆ ಎರಡು ದಿನ ಮಾತ್ರ ಸರಿ. ಮಾರ್ಚ್ 21 ಮತ್ತು ಸೆಪ್ಟೆಂಬರ್ 23ರ ಆಸುಪಾಸಿನಲ್ಲಿ ಅವನು ನೇರ ಪೂರ್ವದಲ್ಲಿ ಉದಯಿಸಿ ನೇರ ಪಶ್ಚಿಮದಲ್ಲಿ ಅಸ್ತನಾಗುತ್ತಾನೆ. ಜೂನ್ 21ರ ಹೊತ್ತಿಗೆ ನಮ್ಮ ಅಕ್ಷಾಂಶದಲ್ಲಿ ಆ ಬಿಂದುಗಳು ಉತ್ತರಕ್ಕೆ ಸುಮಾರು 24 ಡಿಗ್ರಿ ಸರಿಯುತ್ತವೆ. ಡಿಸೆಂಬರ್ 22ರ ಹೊತ್ತಿಗೆ ದಕ್ಷಿಣಕ್ಕೆ ಅಷ್ಟೇ ಸರಿಯುತ್ತವೆ. ತೋಳನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಅಂದರೆ ವರ್ಷದಲ್ಲಿ ಸೂರ್ಯನು ದಿಗಂತದ ಮೇಲೆ ಐದು ಮುಷ್ಟಿಗಳಿಗೆ ತುಸು ಕಡಿಮೆಯಾದಷ್ಟು ಅಗಲದಲ್ಲಿ ಅತ್ತಿಂದಿತ್ತ ಓಡಾಡುತ್ತಾನೆ. ಆ ಓಡಾಟವೂ ಒಂದೇ ವೇಗದ್ದಲ್ಲ. ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಒಂದೊಂದು ದಿನಕ್ಕೆ ತನ್ನ ಬಿಂಬದ ಮುಕ್ಕಾಲು ಪಾಲಿನಷ್ಟು ಸರಿಯುವವನು, ಜೂನ್ ಮತ್ತು ಡಿಸೆಂಬರಿನ ಕೊನೆಯಲ್ಲಿ ಹಲವು ದಿನ ನಿಂತಂತೆಯೇ ಕಾಣುತ್ತಾನೆ. ಉತ್ತರಾಯಣ, ದಕ್ಷಿಣಾಯನಗಳೆಂದು ನಮ್ಮ ಹಿರಿಯರು ಕರೆದದ್ದು ಈ ಓಡಾಟವನ್ನೇ. ಮಕರ ಸಂಕ್ರಮಣವನ್ನು ನಾವು ಜನವರಿ 14 ಅಥವಾ 15ರಂದು ಆಚರಿಸಿದರೂ ಸೂರ್ಯನು ಉತ್ತರಕ್ಕೆ ತಿರುಗುವುದು ಡಿಸೆಂಬರ್ 22ರ ಸುಮಾರಿಗೆ. ಭೂಮಿಯ ಅಕ್ಷವು ಬುಗುರಿಯ ತಲೆಯಂತೆ ಬಹು ನಿಧಾನವಾಗಿ ಸುತ್ತುವುದರಿಂದ ಸುಮಾರು 1700 ವರ್ಷಗಳಲ್ಲಿ ಈ ಅಂತರ ಬೆಳೆದಿದೆ.

ಇದರಿಂದ ಪ್ರವಾಸಿಗೆ ದೊರೆಯುವ ಪಾಠವೇನು? ಮಿತ್ರರೊಬ್ಬರು ಬೇಸಿಗೆಯಲ್ಲಿ ಮೆಚ್ಚಿ ಬಂದ ಸ್ಥಳದಲ್ಲಿ ಡಿಸೆಂಬರಿನ ಸೂರ್ಯನು ಗುಡ್ಡದ ಮರೆಗೆ ಹೋಗಬಹುದು. ನೇರವಾದ ಉದ್ದನೆಯ ಮರಳುದಂಡೆಯಾದರೆ ವರ್ಷದ ಯಾವ ದಿನವಾದರೂ ಸರಿ. ಚಂದ್ರಾಕೃತಿಯ ಕೊಲ್ಲಿಯಾದರೆ, ಅದರ ದಕ್ಷಿಣದ ಚಾಚು ಎತ್ತರವಿದ್ದಲ್ಲಿ ಚಳಿಗಾಲದ ಅಸ್ತಮಾನವನ್ನೂ, ಉತ್ತರದ ಚಾಚು ಎತ್ತರವಿದ್ದಲ್ಲಿ ಬೇಸಿಗೆಯ ಅಸ್ತಮಾನವನ್ನೂ ಅದು ಮರೆಮಾಡೀತು. ನಮ್ಮ ಕರಾವಳಿ ನಕಾಶೆಯಲ್ಲಿ ನೇರ ಉತ್ತರ ದಕ್ಷಿಣವಾಗಿಲ್ಲ. ಕಾರವಾರದಿಂದ ಮಂಗಳೂರಿಗೆ ಬರುವಾಗ ಅದು ಪೂರ್ವಕ್ಕೆ ಓರೆಯಾಗುತ್ತದೆ. ಆದ್ದರಿಂದ ದಂಡೆಯ ಮುಖ ತುಸು ನೈಋತ್ಯಕ್ಕೆ ತಿರುಗಿದೆ. ಚಳಿಗಾಲದ ಸೂರ್ಯನು ನೋಡುವವರ ಎದುರಿಗೇ ಮುಳುಗುತ್ತಾನೆ. ಶಾಲಾ ಪ್ರವಾಸದ ಕಾಲವೂ ಅದೇ ಆಗಿರುವುದು ನಮ್ಮ ಭಾಗ್ಯ.

ಈಗ ಊರುಗಳನ್ನು ಹೇಳುತ್ತೇನೆ. ಉಡುಪಿಯ ಸಮೀಪದ ಮಲ್ಪೆ ಮತ್ತು ಕಾಪು ತೀರಗಳು ವಿಶಾಲವಾದವು, ಎದುರಿನ ನೋಟಕ್ಕೆ ತಡೆ ಕಡಿಮೆ. ಕಾಪುವಿನಲ್ಲಿ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವಿದೆ. ಮುರ್ಡೇಶ್ವರದ ಕಂದುಕಗಿರಿಗೆ ಮೂರು ಕಡೆ ನೀರು. ಮಂಗಳೂರಿನ ದಕ್ಷಿಣಕ್ಕೆ ಉಳ್ಳಾಲದ ಸೋಮೇಶ್ವರದಲ್ಲಿ ಬಂಡೆಗಳಿವೆ. ಇನ್ನೂ ದಕ್ಷಿಣಕ್ಕೆ, ಕನ್ನಡಿಗರು ನೆಲಸಿರುವ ಕಾಸರಗೋಡು ಜಿಲ್ಲೆಯಲ್ಲಿ ಕೆಳದಿಯ ಅರಸರ ಕಾಲದ ಬೇಕಲಕೋಟೆಯು ಕಡಲಿಗೇ ಚಾಚಿಕೊಂಡಿದೆ. ಎತ್ತರದಲ್ಲಿ ನಿಂತಷ್ಟೂ ದಿಗಂತ ಹಿಂದಕ್ಕೆ ಸರಿಯುತ್ತದೆ. ಮರಳಿನ ಮೇಲೆ ನಿಂತ ಬಾಲಕನಿಗೆ ಕಡಲಿನ ಅಂಚು ಸುಮಾರು ನಾಲ್ಕೂವರೆ ಕಿಲೋಮೀಟರು ದೂರ. ನೂರು ಅಡಿ ಎತ್ತರದಿಂದ ನೋಡುವವನಿಗೆ ಸುಮಾರು 20 ಕಿಲೋಮೀಟರು. ಘಟ್ಟದ ಮೇಲಿನ ಆಗುಂಬೆಯಲ್ಲಿ ಆಕಾಶ ಶುಭ್ರವಿದ್ದ ದಿನ ಮಲೆಗಳಾಚೆಯ ಅರಬ್ಬೀ ಸಮುದ್ರದವರೆಗೂ ದೃಷ್ಟಿ ಹರಿಯುತ್ತದೆ. ಮೋಡ ಕವಿದರೆ ಮಾತ್ರ ಬರಿಗೈಯಲ್ಲಿ ಮರಳಬೇಕು.

ಇವೆಲ್ಲವುಗಳಲ್ಲಿ ನನ್ನ ಮನಸ್ಸಿನಲ್ಲಿ ನಿಂತಿರುವುದು ಕುಂದಾಪುರದ ಉತ್ತರಕ್ಕಿರುವ ಮರವಂತೆ. ಅಲ್ಲಿ ಹೆದ್ದಾರಿಯ ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಕೆಲವೇ ಹೆಜ್ಜೆಗಳ ಅಂತರದಲ್ಲಿ ಸೌಪರ್ಣಿಕಾ ನದಿ. ಬೆಳಿಗ್ಗೆ ನದಿಯ ಕಡೆ ಮುಖ ಮಾಡಿದರೆ ತೆಂಗಿನ ತೋಟಗಳ, ದೂರದ ಬೆಟ್ಟಗಳ ಮೇಲಿಂದ ಬಂದ ಸೂರ್ಯನ ಪ್ರತಿಬಿಂಬ ನೀರಿನಲ್ಲಿ ಕಾಣುತ್ತದೆ. ಸಂಜೆ ಅದೇ ಜಾಗದಲ್ಲಿ ಬೆನ್ನು ತಿರುಗಿಸಿದರೆ ಸಾಕು. ಕಾರವಾರದಲ್ಲಿ ಕೆಟ್ಟ ನನ್ನ ಮಾನವು ಆ ಪ್ರವಾಸದಲ್ಲಿ ಸ್ವಲ್ಪ ಉಳಿದದ್ದು ಮರವಂತೆಯಲ್ಲಿ. ಸಂಜೆ ಮಕ್ಕಳನ್ನು ಮರಳಿನ ಮೇಲೆ ಮಲಗಿಸಿ, ಸೂರ್ಯನ ಕೊನೆಯ ಚೂರು ಮುಳುಗಿದೊಡನೆಯೇ ಥಟ್ಟನೆ ಎದ್ದು ನಿಲ್ಲಿರೆಂದೆ. ಎದ್ದವರಿಗೆ ಆ ಚೂರು ಕೆಲವು ಕ್ಷಣ ಮತ್ತೆ ಕಂಡಿತು. ಭೂಮಿ ದುಂಡಗಿದೆ ಎಂಬುದನ್ನು ಅಂದು ಮಕ್ಕಳು ತಮ್ಮ ಕಣ್ಣಿನಿಂದಲೇ ಕಲಿತರು.

ಕಾಲವನ್ನು ಕುರಿತು ಎರಡು ಮಾತು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಕರಾವಳಿಯಲ್ಲಿ ಮೋಡಗಳದೇ ರಾಜ್ಯ, ಕಡಲೂ ಅಪಾಯಕರ. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಉತ್ತಮ. ಸೂರ್ಯನು ದಿಗಂತದಿಂದ ಒಂದು ಮುಷ್ಟಿ ಮೇಲಿದ್ದರೆ ಮುಳುಗಲು ಇನ್ನು ಸುಮಾರು 40 ನಿಮಿಷ ಇದೆಯೆಂದು ತಿಳಿಯಬೇಕು. ಅಂಚು ನೀರನ್ನು ಮುಟ್ಟಿದ ಮೇಲೆ ಪೂರ್ತಿ ಮರೆಯಾಗಲು ಎರಡು ನಿಮಿಷಕ್ಕೆ ತುಸು ಹೆಚ್ಚು ಸಾಕು. ವಾಸ್ತವವಾಗಿ ಆ ಹೊತ್ತಿಗೆ ಸೂರ್ಯನು ದಿಗಂತದ ಕೆಳಗೆ ಇಳಿದಾಗಿರುತ್ತದೆ. ವಾಯುಮಂಡಲವು ಬೆಳಕನ್ನು ಬಾಗಿಸುವುದರಿಂದ ಅವನು ತನ್ನ ಬಿಂಬದಷ್ಟು ಮೇಲೆತ್ತಿದಂತೆ ಕಾಣುತ್ತಾನೆ. ನೆತ್ತಿಯ ಮೇಲಿನ ಸೂರ್ಯನಿಗಿಂತ ದಿಗಂತದ ಸೂರ್ಯನ ಕಿರಣಗಳು ಸುಮಾರು 38 ಪಟ್ಟು ಹೆಚ್ಚು ಗಾಳಿಯನ್ನು ದಾಟಿ ಬರುತ್ತವೆ. ದಾರಿಯಲ್ಲಿ ನೀಲಿ ಬಣ್ಣವು ಚದುರಿಹೋಗಿ ಕೆಂಪು ಮಾತ್ರ ಉಳಿಯುತ್ತದೆ. ಬಿಂಬ ಮುಳುಗಿದೊಡನೆ ಎದ್ದು ಹೊರಡುವವರು ಅರ್ಧ ಊಟಕ್ಕೆ ಎದ್ದವರಂತೆ. ಆಕಾಶದ ನಿಜವಾದ ಬಣ್ಣಗಳು ಅನಂತರದ ಇಪ್ಪತ್ತು ನಿಮಿಷಗಳಲ್ಲಿ ಮೂಡುತ್ತವೆ. ಬೆಳಿಗ್ಗೆಯಾದರೆ ಅಷ್ಟೇ ಹೊತ್ತು ಮುಂಚಿತವಾಗಿ ಹೋಗಬೇಕು.

ಇಷ್ಟೆಲ್ಲ ಹೇಳಿದ ಮೇಲೆ, ನಾಲ್ಕು ನೂರು ಕಿಲೋಮೀಟರು ಪ್ರಯಾಣ ಮಾಡಲಾಗದವರು ಏನು ಮಾಡಬೇಕೆಂದು ಕೇಳಬಹುದು. ನಮಗೆ ಕಡಲಿಲ್ಲ ನಿಜ, ದಂಡೆಗೆ ಕೊರತೆಯಿಲ್ಲ. ಮಖ್ತಲ್ ಮತ್ತು ಗದ್ವಾಲ ಸೀಮೆಗಳನ್ನು ಮುಟ್ಟಿಕೊಂಡು ಕೃಷ್ಣೆ ಹರಿಯುತ್ತಾಳೆ. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೂ ನಮ್ಮ ಊರುಗಳು ಆಂಧ್ರಪ್ರದೇಶಕ್ಕೂ ಸೇರಿದವು. ಅಂದಿನಿಂದ ನದಿಯ ಆಚೆಯ ದಂಡೆ ಒಂದು ರಾಜ್ಯ, ಈಚೆಯ ದಂಡೆ ಇನ್ನೊಂದು ರಾಜ್ಯವಾಗಿ, 2014ರಲ್ಲಿ ಈಚೆಯದು ತೆಲಂಗಾಣವಾಯಿತು. ಎರಡು ದಂಡೆಗಳ ಮೇಲೂ ಕನ್ನಡ ಉಳಿಯಿತು, ಸೂರ್ಯನೂ ಒಬ್ಬನೇ ಉಳಿದ. ಕೃಷ್ಣೆ ಒಟ್ಟಾರೆ ಪೂರ್ವಕ್ಕೆ ಹರಿಯುವುದರಿಂದ ನಮ್ಮ ನಿಯಮ ಸುಲಭವಾದುದು. ನೀರು ಹೋಗುವ ದಿಕ್ಕಿಗೆ ಮುಖ ಮಾಡಿದರೆ ಉದಯ, ನೀರು ಬರುವ ದಿಕ್ಕಿಗೆ ಮುಖ ಮಾಡಿದರೆ ಅಸ್ತಮಾನ.

ಗದ್ವಾಲದ ಸಮೀಪದ ಜೂರಾಲ ಅಣೆಕಟ್ಟೆಯೇ ನಮ್ಮ ಮರವಂತೆ. ಅಲ್ಲಿ ಹಿನ್ನೀರು ಪಶ್ಚಿಮಕ್ಕೆ ಹರಡಿದೆ. ಸಂಜೆಯ ಸೂರ್ಯನು ಆ ಜಲರಾಶಿಯ ಮೇಲೆ ಇಳಿಯುತ್ತಾನೆ. ಪೂರ್ವಕ್ಕೆ ಬಂಡೆಗಳ ನಡುವೆ ಹರಿದುಹೋಗುವ ನದಿಯ ಮೇಲೆ ಬೆಳಗಿನ ಸೂರ್ಯ ಬರುತ್ತಾನೆ. ಮಖ್ತಲಿನ ಕಡೆಯ ಪಂಚದೇವ ಪಹಾಡಿನಿಂದ ನೀರು ದಾಟಿ ಹೋಗುವ ಕುರುವಪುರವು ಶ್ರೀಪಾದ ಶ್ರೀವಲ್ಲಭರ ಕ್ಷೇತ್ರವೆಂದು ಎಲ್ಲರಿಗೂ ಗೊತ್ತು. ಅದು ನದಿಯ ನಡುಗಡ್ಡೆಯಾದ್ದರಿಂದ ಉದಯಾಸ್ತಗಳೆರಡಕ್ಕೂ ಅಲ್ಲಿ ನೀರಿನ ಅಂಚು ಸಿಗುತ್ತದೆ. ಗದ್ವಾಲದಿಂದ ದಕ್ಷಿಣಕ್ಕೆ ತುಂಗಭದ್ರೆಯ ಎಡದಂಡೆಯ ಮೇಲಿರುವ ಆಲಂಪುರದಲ್ಲಿ ಬಾದಾಮಿ ಚಾಲುಕ್ಯರ ಕಾಲದ ನವಬ್ರಹ್ಮ ದೇವಾಲಯಗಳಿವೆ. ಅವುಗಳ ಬಾಗಿಲುಗಳು ಬಹುಪಾಲು ಪೂರ್ವಕ್ಕಿವೆ. ಬೆಳಗಿನ ಕಿರಣಗಳಿಗಾಗಿ ಶಿಲ್ಪಿಗಳು ಕಟ್ಟಡದ ಮುಖವನ್ನೇ ತಿರುಗಿಸಿದ ಬಗೆಯನ್ನು ಅಲ್ಲಿ ನಿಂತು ಮಕ್ಕಳಿಗೆ ತೋರಿಸಬಹುದು. ಆದರೆ ಎಚ್ಚರಿಕೆಯೂ ಅಗತ್ಯ. ಅಣೆಕಟ್ಟೆಯ ಬಾಗಿಲು ತೆರೆದರೆ ಕೆಳಗಿನ ಬಂಡೆಗಳ ಮೇಲೆ ನೀರು ಹಠಾತ್ತನೆ ಏರುತ್ತದೆ. ಕೃಷ್ಣೆಯಲ್ಲಿ ಮೊಸಳೆಗಳಿವೆ. ಪ್ರವಾಹದ ದಿನಗಳಲ್ಲಿ ನಡುಗಡ್ಡೆಗೆ ಹೋಗಬಾರದು. ಹೆದ್ದಾರಿಯ ಸೇತುವೆಯ ಮೇಲೆ ವಾಹನ ನಿಲ್ಲಿಸಬಾರದು. ದುರ್ಬೀನಿನ ಮೂಲಕ ಸೂರ್ಯನನ್ನು ಎಂದಿಗೂ ನೋಡಬಾರದು.

ಇನ್ನು ನನ್ನ ಎರಡನೆಯ ತಪ್ಪನ್ನು ಹೇಳಬೇಕು. ಮೊದಲನೆಯದನ್ನು ಹೇಳುವಾಗ ನಗಬಹುದು, ಇದನ್ನು ಹೇಳುವಾಗ ನನಗೆ ನಗು ಬರುವುದಿಲ್ಲ. ಚಿತ್ರಕಲೆಗೆ ಪ್ರತ್ಯೇಕ ಶಿಕ್ಷಕರಿಲ್ಲದ ಕಾಲದಲ್ಲಿ ಆ ಅವಧಿಯನ್ನೂ ನಾನೇ ನೋಡಿಕೊಳ್ಳುತ್ತಿದ್ದೆ. ಒಮ್ಮೆ ಸೂರ್ಯಾಸ್ತದ ಚಿತ್ರ ಬರೆಯಲು ಹೇಳಿದಾಗ ಎಲ್ಲರೂ ಸಮುದ್ರ, ದೋಣಿ, ತೆಂಗಿನ ಮರ ಬರೆದರು. ಮುಡುಮಾಲ ಗ್ರಾಮದಿಂದ ಬಂದು ಬಂಧುಗಳ ಮನೆಯಲ್ಲಿದ್ದು ಓದುತ್ತಿದ್ದ ಬಾಲಕನೊಬ್ಬ ಮಾತ್ರ ಹೊಲದಲ್ಲಿ ನಿಂತ ಎತ್ತರದ ಕಲ್ಲುಗಳನ್ನೂ ಅವುಗಳ ನಡುವೆ ಇಳಿಯುತ್ತಿದ್ದ ಸೂರ್ಯನನ್ನೂ ಬರೆದಿದ್ದ. "ಸಮುದ್ರವೆಲ್ಲಿ?" ಎಂದು ಕೇಳಿದೆ. "ನಮ್ಮ ಊರಲ್ಲಿ ಹೀಗೇ ಕಾಣ್ತದೆ ಸರ್" ಎಂದ. ಚೆನ್ನಾಗಿ ನೋಡಿ ಬರೆಯಬೇಕೆಂದು ಹೇಳಿ, ಇನ್ನೊಬ್ಬನ ಕ್ಯಾಲೆಂಡರ್ ಸಮುದ್ರವನ್ನು ಅವನಿಗೆ ಮಾದರಿಯಾಗಿ ಕೊಟ್ಟೆ. ನಿಜವಾಗಿ ನೋಡಿ ಬರೆದವನು ಆ ತರಗತಿಯಲ್ಲಿ ಅವನೊಬ್ಬನೇ ಆಗಿದ್ದ.

ಆ ಕಲ್ಲುಗಳು ಯಾವುವು? ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲದಲ್ಲಿ, ನದಿಗೆ ಸಮೀಪದಲ್ಲಿ, ಮುಡುಮಾಲದ ನಿಲುವುಗಲ್ಲುಗಳು ನಿಂತಿವೆ. ಕೆಲವು ಹತ್ತು ಹನ್ನೆರಡು ಅಡಿಗಳಿಗೂ ಎತ್ತರ. ಅವುಗಳ ಸುತ್ತ ಸಾಲಾಗಿ ನೆಟ್ಟ ಚಿಕ್ಕ ಕಲ್ಲುಗಳು ಅಸಂಖ್ಯ. ಊರವರು ತೆಲುಗಿನಲ್ಲಿ 'ನಿಲುವುರಾಳ್ಳ ತಿಮ್ಮಪ್ಪ' ಎಂದು ಭಕ್ತಿಯಿಂದ ಕರೆಯುತ್ತಾರೆ. ಬೃಹತ್ ಶಿಲಾಯುಗದ ಜನರು ಇವುಗಳನ್ನು ನಿಲ್ಲಿಸಿ ಮೂರು ಸಾವಿರ ವರ್ಷಗಳಿಗೂ ಮೇಲಾಯಿತೆಂದು ವಿದ್ವಾಂಸರ ಮತ. ಹೈದರಾಬಾದ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಕೆ. ಪುಲ್ಲಾರಾವ್ ಅವರು ಈ ಕಲ್ಲುಗಳನ್ನು ವಿಸ್ತಾರವಾಗಿ ಅಧ್ಯಯನ ಮಾಡಿದರು. ಕಲ್ಲಿನ ಸಾಲುಗಳು ಹಗಲಿರುಳು ಸಮವಾಗುವ ದಿನಗಳ ಮತ್ತು ಆಯನಗಳು ತಿರುಗುವ ದಿನಗಳ ಉದಯಾಸ್ತ ಬಿಂದುಗಳಿಗೆ ಹೊಂದಿಕೊಂಡಿವೆಯೆಂದು ಸಂಶೋಧಕರು ತೋರಿಸಿದ್ದಾರೆ. ಒಂದು ಬಂಡೆಯ ಮೇಲೆ ಕೊರೆದ ಚಿಕ್ಕ ಗುಳಿಗಳಲ್ಲಿ ಸಪ್ತರ್ಷಿ ಮಂಡಲದ ಆಕೃತಿಯನ್ನೂ ಗುರುತಿಸಿದ್ದಾರೆ. 2025ರಲ್ಲಿ ಈ ಸ್ಥಳವು ಯುನೆಸ್ಕೊ ಸಂಸ್ಥೆಯ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು.

ಸೂರ್ಯನ ಉದಯಾಸ್ತಗಳನ್ನು ಎಲ್ಲಿ ನಿಂತು ನೋಡಬೇಕೆಂಬ ಪ್ರಶ್ನೆಗೆ ನಮ್ಮ ನದಿಯ ದಂಡೆಯಲ್ಲೇ ಕಲ್ಲಿನಲ್ಲಿ ಉತ್ತರ ಬರೆದಿತ್ತು. ಓದುಬರಹವಿಲ್ಲದ ಆ ಜನ ಇದನ್ನು ಹೇಗೆ ಸಾಧಿಸಿದರು? ಒಂದೇ ಜಾಗದಲ್ಲಿ ನಿಂತು, ವರ್ಷವಿಡೀ ನೋಡಿ, ಗುರುತಿಟ್ಟಿರಬೇಕು. ಬೇರೆ ಉಪಾಯವಿಲ್ಲ. ನಾನು ನಾಲ್ಕು ನೂರು ಕಿಲೋಮೀಟರು ಹೋಗಿ ತಪ್ಪು ದಿಕ್ಕಿಗೆ ಕೈ ತೋರಿಸಿದೆ. ಅದಕ್ಕೂ ಮೊದಲು, ಬಳಿಯಲ್ಲೇ ಇದ್ದ ಪಾಠವನ್ನು ಬಾಲಕನೊಬ್ಬ ಕಾಗದದ ಮೇಲೆ ಬರೆದು ತಂದಾಗ ಹಿಂದಿರುಗಿಸಿದ್ದೆ. ಆತನ ಕೈಗೆ ಈ ಸಂಚಿಕೆ ತಲುಪಿದರೆ, ಆ ಚಿತ್ರಕ್ಕೆ ಅಂದು ಕೊಡದ ಪೂರ್ಣ ಅಂಕಗಳನ್ನು ಈಗ ಕೊಡುತ್ತಿದ್ದೇನೆಂದು ತಿಳಿಯಲಿ.

ಕೊನೆಯದಾಗಿ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿಜ್ಞಾಪನೆ. ಕಡಲಿಗೆ ಅವಶ್ಯವಾಗಿ ಹೋಗಿರಿ. ಹೋಗುವ ಮುನ್ನ ನಕಾಶೆಯಲ್ಲಿ ದಂಡೆಯ ದಿಕ್ಕನ್ನೂ ಪಂಚಾಂಗದಲ್ಲಿ ದಿನವನ್ನೂ ನೋಡಿಕೊಳ್ಳಿರಿ. ಹಿಂದಿರುಗಿದ ಮೇಲೆ ನಿಮ್ಮ ಮನೆಯ ಮಾಳಿಗೆಯ ಮೇಲೆ ಒಂದು ಸ್ಥಳವನ್ನು ಗೊತ್ತುಮಾಡಿ, ತಿಂಗಳಿಗೊಮ್ಮೆ ಮಕ್ಕಳೊಡನೆ ಅಲ್ಲಿ ನಿಂತು, ಸೂರ್ಯನು ಯಾವ ಮರದ, ಯಾವ ಗುಡಿಯ ಶಿಖರದ ಪಕ್ಕ ಇಳಿದನೆಂದು ಪುಸ್ತಕದಲ್ಲಿ ಬರೆದಿಡಿರಿ. ಕನ್ನಡದಲ್ಲಿ ಬರೆದಿಡಿರಿ. ಒಂದು ವರ್ಷ ತುಂಬಿದಾಗ ನಿಮ್ಮ ಮನೆಯಲ್ಲೇ ಒಂದು ಚಿಕ್ಕ ಮುಡುಮಾಲ ಸಿದ್ಧವಾಗಿರುತ್ತದೆ. ಶಾಲೆಯ ಆವರಣದಲ್ಲಿಯೂ ಇಂದಿನ ಶಿಕ್ಷಕರು ಮಕ್ಕಳಿಂದ ನಾಲ್ಕು ಕಲ್ಲುಗಳನ್ನು ನೆಡಿಸಿದರೆ ಸುವರ್ಣ ಮಹೋತ್ಸವಕ್ಕೆ ಅದಕ್ಕಿಂತ ಅಗ್ಗದ ಸ್ಮಾರಕ ಬೇರೊಂದಿಲ್ಲ. ನಮ್ಮ ಮಕ್ಕಳು ತಮ್ಮ ಊರಿನ ಸೂರ್ಯನನ್ನು ತಮ್ಮ ಕಣ್ಣಿನಿಂದ ನೋಡಿ, ತಮ್ಮ ಭಾಷೆಯಲ್ಲಿ ಹೇಳಬಲ್ಲವರಾಗಲಿ ಎಂದು ಹಾರೈಸಿ, ಶಾಲೆಗೆ ಶುಭವನ್ನು ಕೋರಿ ವಿರಮಿಸುತ್ತೇನೆ.